ದಿನನಿತ್ಯದ ಬದುಕೇ ಮಕ್ಕಳ ಪಾಠಶಾಲೆ

ಮಕ್ಕಳಿಗೆ ಉತ್ತಮ ಶಿಕ್ಷಣ ದೊರೆಯಬೇಕೆಂಬ ಹಂಬಲದಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ನಮ್ಮ ಕನ್ನಡ ಕುಟುಂಬಗಳು ಯಾವ ತ್ಯಾಗಕ್ಕೂ ಹಿಂಜರಿದವುಗಳಲ್ಲ. ಒಳ್ಳೆಯ ಶಾಲೆ, ಸಂಜೆಯ ಟ್ಯೂಷನ್, ನೃತ್ಯ, ಸಂಗೀತ, ಈಜು ಎಲ್ಲಕ್ಕೂ ನಾವು ಏರ್ಪಾಡು ಮಾಡುತ್ತೇವೆ. ಆದರೆ ಪ್ರಾಮಾಣಿಕತೆ, ಸಹನೆ, ಹಂಚಿಕೊಂಡು ಬಾಳುವ ಗುಣ, ಸೋಲನ್ನು ತಾಳಿಕೊಳ್ಳುವ ಶಕ್ತಿ ಇವುಗಳಿಗೆ ಯಾವ ಟ್ಯೂಷನ್ನೂ ಇಲ್ಲ. ಇವು ಮನೆಯಲ್ಲಿ, ಓಣಿಯಲ್ಲಿ, ರೈಲು ನಿಲ್ದಾಣದಲ್ಲಿ ಮಗುವಿಗೆ ಅರಿವಿಲ್ಲದಂತೆಯೇ ಬಂದು ಸೇರಬೇಕಾದ ಸಂಪತ್ತು.

"ಬೆಳಿಗ್ಗೆ ಏಳರ ಲೋಕಲ್ ಹಿಡಿದು ಹೊರಟವರು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತೇವೆ, ಮಕ್ಕಳಿಗೆ ನೀತಿ ಹೇಳಲು ಸಮಯವೆಲ್ಲಿದೆ?" ಎಂಬುದು ನಮ್ಮಲ್ಲಿ ಅನೇಕ ತಂದೆತಾಯಿಯರ ನ್ಯಾಯವಾದ ಅಳಲು. ಇದಕ್ಕೆ ಉತ್ತರವೂ ಆ ದಿನಚರಿಯಲ್ಲಿಯೇ ಇದೆ. ಬದುಕಿನ ಪಾಠಕ್ಕೆ ಪ್ರತ್ಯೇಕ ಸಮಯ ಬೇಕಾಗಿಲ್ಲ. ಹೇಗಿದ್ದರೂ ನಡೆಯುವ ಪ್ರಸಂಗಗಳನ್ನು ಗಮನಿಸಿ ಬಳಸಿಕೊಂಡರೆ ಸಾಕು.

ನಮ್ಮ ನೆರೆಯಲ್ಲೇ ನಡೆದ ಪ್ರಯೋಗ

ಈ ವಿಚಾರ ಹೊಸದಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಶಿಶುಶಿಕ್ಷಣದ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಅಂದಿನ ಥಾಣೆ ಜಿಲ್ಲೆಯ ಬೋರ್ಡಿ ಎಂಬ ಊರಿನಲ್ಲಿ ಗ್ರಾಮೀಣ ಮಕ್ಕಳಿಗಾಗಿ ಶಿಕ್ಷಣ ಕೇಂದ್ರವೊಂದನ್ನು ಆರಂಭಿಸಿದರು. ಅನುತಾಯಿ ವಾಘ್ ಅವರು ಅವರ ಜೊತೆಗೂಡಿದರು. ಮುಂದೆ ಈ ಕಾರ್ಯ ಕೋಸಬಾಡ್ ಗುಡ್ಡದ ಆದಿವಾಸಿ ಮಕ್ಕಳ ನಡುವೆ ಬೆಳೆಯಿತು. (2014ರಿಂದ ಈ ಪ್ರದೇಶ ಪಾಲ್ಘರ್ ಜಿಲ್ಲೆಗೆ ಸೇರಿದೆ.)

ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು ಎಂಬುದು ಅವರ ನಿಲುವು. ಮಾಂಟೆಸ್ಸರಿ ಪದ್ಧತಿಯ ದುಬಾರಿ ಸಾಮಗ್ರಿಗಳ ಬದಲು ಎಲೆ, ಬೀಜ, ಕಲ್ಲು, ಚಿಪ್ಪುಗಳನ್ನೇ ಕಲಿಕೆಯ ಸಾಧನಗಳನ್ನಾಗಿ ಮಾಡಿಕೊಂಡರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. ಇಂದು ದೇಶದಾದ್ಯಂತ ಕೇಳಿಬರುವ 'ಅಂಗನವಾಡಿ' ಎಂಬ ಕಲ್ಪನೆಯ ಬೇರು ಅಲ್ಲಿದೆ. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಗೌರವ ಸಂದಿತು. ಮಗು ಇರುವಲ್ಲಿ, ಅದರ ಕೈಗೆಟಕುವ ವಸ್ತುವಿನಿಂದಲೇ ಕಲಿಕೆ ಆರಂಭವಾಗಬೇಕೆಂಬ ಅವರ ತತ್ತ್ವ ಹುಲ್ಲುಗಾವಲಿಗೆ ಎಷ್ಟು ಸಲ್ಲುತ್ತದೆಯೋ ನಮ್ಮ ಹೌಸಿಂಗ್ ಸೊಸೈಟಿಗಳಿಗೂ ಅಷ್ಟೇ ಸಲ್ಲುತ್ತದೆ.

ಲೋಕಲ್ ರೈಲೆಂಬ ಗುರು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ತಲುಪಿದ್ದು ನಮ್ಮ ಥಾಣೆಗೆ. ಅಂದಿನಿಂದ ಇಲ್ಲಿಯ ಬದುಕು ರೈಲಿನೊಡನೆ ಹೆಣೆದುಕೊಂಡಿದೆ. ಮಗುವಿನ ಮೊದಲ ಪರೀಕ್ಷೆ ಟಿಕೆಟ್ ಕಿಟಕಿಯ ಮುಂದೆಯೇ ನಡೆಯುತ್ತದೆ. 5 ವರ್ಷ ತುಂಬುವವರೆಗೆ ಟಿಕೆಟ್ ಬೇಡ, ಬಳಿಕ 12 ತುಂಬುವವರೆಗೆ ಅರ್ಧ ಟಿಕೆಟ್ ಎಂಬುದು ನಿಯಮ. "ಯಾರಾದರೂ ಕೇಳಿದರೆ ಇನ್ನೂ ನಾಲ್ಕು ವರ್ಷ ಎಂದು ಹೇಳು" ಎಂದು ಮಗುವಿನ ಕಿವಿಯಲ್ಲಿ ಉಸುರಿದಾಗ ನಮಗೆ ಉಳಿಯುವುದು ಕೆಲವೇ ರೂಪಾಯಿ. ಆದರೆ ಸುಳ್ಳಿನಿಂದ ಲಾಭವಿದೆ, ಅದಕ್ಕೆ ಅಪ್ಪ ಅಮ್ಮನ ಒಪ್ಪಿಗೆಯೂ ಇದೆ ಎಂಬ ಪಾಠ ಆ ಎಳೆಯ ಮನಸ್ಸಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಅದೇ ಮಗು ಅಂಕಪಟ್ಟಿಯನ್ನು ಮುಚ್ಚಿಟ್ಟಾಗ ಗದರಿಸುವ ಹಕ್ಕು ನಮಗೆಲ್ಲಿ ಉಳಿಯಿತು? ಅದರ ಬದಲು ಐದನೆಯ ಹುಟ್ಟುಹಬ್ಬದ ಬಳಿಕದ ಮೊದಲ ಅರ್ಧ ಟಿಕೆಟನ್ನು ಮಗುವಿನ ಕೈಗೇ ಕೊಟ್ಟು, "ಇಂದಿನಿಂದ ನೀನೂ ಒಬ್ಬ ಪ್ರಯಾಣಿಕ" ಎಂದು ಹೇಳಿ ನೋಡಿ. ಅದರ ಮುಖದಲ್ಲಿ ಮೂಡುವ ಹೆಮ್ಮೆಯೇ ಪ್ರಾಮಾಣಿಕತೆಯ ಮೊದಲ ಪಾಠ.

ಡಬ್ಬಿಯೊಳಗಿನ 'ನಾಲ್ಕನೆಯ ಸೀಟು' ಇನ್ನೊಂದು ಪಾಠ. ಮೂವರ ಆಸನದಲ್ಲಿ ತುಸು ಸರಿದು ನಾಲ್ಕನೆಯವನಿಗೆ ಜಾಗ ಕೊಡುವ ರೂಢಿಯನ್ನು ಯಾವ ಕಾನೂನೂ ಮಾಡಿಲ್ಲ. ಅಪರಿಚಿತರು ಪರಸ್ಪರರ ಕಾಲುನೋವನ್ನು ಅರ್ಥಮಾಡಿಕೊಂಡದ್ದರಿಂದ ಅದು ಬೆಳೆದುಬಂದಿದೆ. "ಆ ಅಂಕಲ್ ಯಾಕೆ ಸರಿದು ಕೂತರು?" ಎಂದು ಮಗುವನ್ನೇ ಕೇಳಬೇಕು. ಉತ್ತರವನ್ನು ಅದೇ ಹುಡುಕಲಿ.

ಆದರೆ ಈ ಗುರುವಿನ ಕೆಲವು ಪಾಠಗಳಲ್ಲಿ ತಪ್ಪಿಗೆ ಕ್ಷಮೆಯಿಲ್ಲ. ಎರಡು ನಿಮಿಷ ಉಳಿಸಲು ಮೇಲ್ಸೇತುವೆ ಬಿಟ್ಟು ಮಗುವಿನ ಕೈ ಹಿಡಿದು ಹಳಿ ದಾಟುವ ತಂದೆ, ಮುಂದೊಂದು ದಿನ ಅದು ಒಂಟಿಯಾಗಿ ಹಳಿ ದಾಟಲು ಅನುಮತಿ ಕೊಟ್ಟಂತೆಯೇ. ಹಳಿ ದಾಟುವುದು ರೈಲ್ವೆ ಕಾಯಿದೆಯಂತೆ ಅಪರಾಧ. ಆದರೆ ಮಗುವಿಗೆ ದಂಡದ ಭಯಕ್ಕಿಂತ ಜೀವದ ಬೆಲೆ ತಿಳಿಯಬೇಕು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳಿಂದ ಪ್ರಯಾಣಿಕರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡ ದುರಂತವನ್ನು ನಾವಾರೂ ಮರೆತಿಲ್ಲ. ಕಾಲೇಜಿಗೆ ಹೋಗಲಿರುವ ಮಕ್ಕಳು ಬಾಗಿಲಲ್ಲಿ ನೇತಾಡದೆ ಮುಂದಿನ ಗಾಡಿಗೆ ಕಾಯುವುದನ್ನು ನಮ್ಮನ್ನು ನೋಡಿಯೇ ಕಲಿಯಬೇಕು. "ಹತ್ತು ನಿಮಿಷ ತಡವಾದರೆ ಆಗಲಿ" ಎಂಬ ಮಾತು ಅವರ ಕಿವಿಗೆ ನಮ್ಮ ಬಾಯಿಂದ ಬೀಳುತ್ತಿರಬೇಕು.

ಮಾರುಕಟ್ಟೆ ಮತ್ತು ಮನೆಗೆಲಸ

ಮೊಬೈಲಿನಲ್ಲಿಯೇ ಹಣ ಪಾವತಿಯಾಗುವ ಈ ಕಾಲದಲ್ಲಿ ಮಕ್ಕಳಿಗೆ ಹಣ ಖರ್ಚಾಗುವುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆಯಾದರೂ ಹತ್ತು ವರ್ಷದ ಮಗುವಿನ ಕೈಗೆ 200 ರೂಪಾಯಿ ನಗದು ಕೊಟ್ಟು ತರಕಾರಿ ತರುವ ಹೊಣೆ ಒಪ್ಪಿಸಿರಿ. ನೀವು ಜೊತೆಯಲ್ಲಿದ್ದರೂ ಮಾತನಾಡಬೇಡಿ. ಟೊಮೆಟೊ ದುಬಾರಿಯಾದರೆ ಏನು ಬಿಡಬೇಕು, ಉಳಿದ ಚಿಲ್ಲರೆ ಎಷ್ಟು ಎಂಬ ಲೆಕ್ಕ ಅದೇ ಮಾಡಲಿ. ಒಂದು ಕೊಳೆತ ಬದನೆ ಬಂದರೂ ಚಿಂತೆಯಿಲ್ಲ, ಮುಂದಿನ ವಾರ ಅದು ನೋಡಿ ಆರಿಸುತ್ತದೆ. ಮಾಲ್‌ನಲ್ಲಿ ತುಟಿಬಿಚ್ಚದೆ ಹಣ ತೆರುವ ನಾವು ಕೊತ್ತಂಬರಿ ಕಟ್ಟಿನ ಮುದುಕಿಯೊಡನೆ ಎರಡು ರೂಪಾಯಿಗೆ ಜಗ್ಗಾಡುವುದನ್ನೂ ಮಕ್ಕಳು ನೋಡುತ್ತಿರುತ್ತಾರೆ ಎಂಬುದು ನೆನಪಿರಲಿ.

ಮನೆಗೆಲಸಕ್ಕೆ ಬರುವ ಮಹಿಳೆಯನ್ನು 'ಮಾವಶಿ' ಎಂದೂ ವಾಚ್‌ಮನ್‌ನನ್ನು 'ಕಾಕಾ' ಎಂದೂ ಕರೆಯಲು ಕಲಿಸಿದರೆ ಅರ್ಧ ಕೆಲಸ ಮುಗಿಯಿತು. ಮಗು ಉಂಡ ತಟ್ಟೆಯನ್ನು ತಾನೇ ಎತ್ತಿಟ್ಟಾಗ ಉಳಿದರ್ಧ ಪೂರ್ಣವಾಗುತ್ತದೆ.

ಖಾಡಿ, ಮಳೆ ಮತ್ತು ನಾವು

ನವಿಮುಂಬಯಿಯ ಮಕ್ಕಳಿಗೆ ಒಂದು ವಿಶೇಷ ಭಾಗ್ಯವಿದೆ. ಚಳಿಗಾಲದಿಂದ ಮಳೆಗಾಲದ ಆರಂಭದವರೆಗೆ ಸಾವಿರಾರು ಫ್ಲೆಮಿಂಗೊ ಹಕ್ಕಿಗಳು ಥಾಣೆ ಖಾಡಿಗೆ ಬರುತ್ತವೆ. ಖಾಡಿಯ ಒಂದು ಭಾಗವನ್ನು 2015ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂಬ ಮನ್ನಣೆಯೂ ದೊರೆಯಿತು. ಅದೇ ಖಾಡಿಗೆ ವಾಶಿ ಸೇತುವೆಯ ಮೇಲಿನಿಂದ ದೇವರ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದ ಸಮೇತ ಎಸೆದು ಕೈಮುಗಿಯುವವರೂ ಇದ್ದಾರೆ. ಭಕ್ತಿ ಸರಿ, ಚೀಲ ಸರಿಯಲ್ಲ. ಹಕ್ಕಿಗಳನ್ನು ತೋರಿಸಿದ ಮೇಲೆ ಹೂವನ್ನು ಕುಂಡದ ಗೊಬ್ಬರವಾಗಿಸುವ ಕೆಲಸವನ್ನು ಮಗುವಿಗೇ ವಹಿಸಿದರೆ, ಪರಿಸರದ ಬಗ್ಗೆ ಬೇರೆ ಭಾಷಣ ಬೇಕಾಗದು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕಲ್ಯಾಣ್ ಪರಿಸರವೂ ಜಲಾವೃತವಾಯಿತು. ಆ ರಾತ್ರಿ ಹಳಿಗಳ ಮೇಲೆ ನಡೆದು ಬಂದವರಿಗೆ ಗುರುತು ಪರಿಚಯವಿಲ್ಲದವರು ಚಹಾ, ಬಿಸ್ಕತ್ತು, ಮಲಗಲು ಜಾಗ ಕೊಟ್ಟದ್ದನ್ನು ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಇಂದಿನ ಮಕ್ಕಳು ಆಗ ಹುಟ್ಟಿರಲಿಲ್ಲ. ಮಳೆಯಿಂದ ಶಾಲೆಗೆ ರಜೆ ಸಿಕ್ಕ ದಿನ ಆ ಕಥೆ ಹೇಳಲು ತಕ್ಕ ಸಮಯ.

ಅಜ್ಜನ ಕಥೆಯೇ ದೊಡ್ಡ ಪುಸ್ತಕ

ತುಳುನಾಡಿನಿಂದ ಬಾಲಕರಾಗಿ ಬಂದು, ಹಗಲು ಹೊಟೇಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರು ಮುಂಬಯಿ ಕನ್ನಡಿಗರಲ್ಲಿ ಅನೇಕರು. ಆ ತಲೆಮಾರು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆದರೆ ಮೊಮ್ಮಕ್ಕಳು ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಮಾತನಾಡುವಾಗ ಅಜ್ಜ ಅಜ್ಜಿ ಮೂಲೆಯಲ್ಲಿ ಮೌನವಾಗುತ್ತಾರೆ. ಭಾಷೆ ತಪ್ಪಿದರೆ ಪದಗಳು ಮಾತ್ರವಲ್ಲ, ಒಂದು ತಲೆಮಾರಿನ ಅನುಭವವೇ ಮಕ್ಕಳ ಕೈತಪ್ಪುತ್ತದೆ. ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಮೊಬೈಲನ್ನು ಬದಿಗಿಟ್ಟು, "ಅಜ್ಜ, ನೀವು ಮೊದಲ ಬಾರಿ ಮುಂಬಯಿಗೆ ಹೇಗೆ ಬಂದಿರಿ?" ಎಂದು ಮಗುವಿನಿಂದಲೇ ಕೇಳಿಸಿರಿ. ಕಷ್ಟಸಹಿಷ್ಣುತೆಗೆ ಅದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲೂ ಸಿಗದು.

ಕಲಿಸುವವರು ಗಮನಿಸಬೇಕಾದದ್ದು

ಪ್ರತಿ ಪ್ರಸಂಗವನ್ನೂ ನೀತಿಬೋಧೆಯಾಗಿ ಮಾಡಿದರೆ ಮಕ್ಕಳು ಬೇಸತ್ತು ಕಿವಿ ಮುಚ್ಚಿಕೊಳ್ಳುತ್ತಾರೆ. ದಿನಕ್ಕೆ ಒಂದು ಪ್ರಶ್ನೆ ಸಾಕು. ಪರರ ಮುಂದೆ ತಿದ್ದಬಾರದು. ಮನೆಗೆ ಬಂದ ಮೇಲೆ ಶಾಂತವಾಗಿ ಮಾತನಾಡಬೇಕು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬಾರದು. ಕೇರಂ ಆಟದಲ್ಲಿ ಬೇಕೆಂದೇ ಸೋತು ಮಗುವನ್ನು ಸದಾ ಗೆಲ್ಲಿಸುವುದು ಪ್ರೀತಿಯಲ್ಲ. ಸೋತು ಅತ್ತು ಮತ್ತೆ ಆಡಲು ಕೂರುವ ಮಗುವೇ ಮುಂದೆ ಪರೀಕ್ಷೆಯ ಸೋಲನ್ನೂ ತಾಳಿಕೊಳ್ಳಬಲ್ಲದು. ಎಲ್ಲಕ್ಕಿಂತ ಮಿಗಿಲಾಗಿ, ನಾವು ನಡೆಯದ ದಾರಿಯಲ್ಲಿ ಮಕ್ಕಳನ್ನು ನಡೆಸಲು ಸಾಧ್ಯವಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಹಿರಿಯರ ಗಾದೆಯಲ್ಲಿ ಬಲವಂತದ ಮಾತಿಲ್ಲ, ಸಕಾಲದ ಎಚ್ಚರವಿದೆ. ಆ ಸಕಾಲ ನಾಳಿನ ಬೆಳಗಿನ ಲೋಕಲ್‌ನಲ್ಲಿ, ಸಂಜೆಯ ತರಕಾರಿ ಚೀಲದಲ್ಲಿ, ರಾತ್ರಿಯ ಊಟದ ತಟ್ಟೆಯ ಮುಂದೆ ನಮಗಾಗಿ ಕಾದಿದೆ. ನಮ್ಮ ಮಕ್ಕಳು ಅಂಕಗಳೊಂದಿಗೆ ಅಂತಃಕರಣವನ್ನೂ ಗಳಿಸಲಿ ಎಂಬುದೇ ನಮ್ಮೆಲ್ಲರ ಹಾರೈಕೆ.