ನಾಟಕದ ದೆವ್ವ, ವಿಮಾನದ ಗಾಜು

ಮಳೆಗಾಲದ ಸಂಜೆ ಮಂಗಳೂರಿನಿಂದ ಕಾಸರಗೋಡಿಗೆ ಬರುವ ರೈಲಿನಲ್ಲಿ ಕಿಟಕಿ ಬದಿ ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ಗಾಜು ಇಳಿಸಿದ್ದಾರೆ. ಬೆಳಕಿರುವಷ್ಟು ಹೊತ್ತು ಹೊರಗಿನ ತೆಂಗು, ಗದ್ದೆ, ಹೊಳೆ ಎಲ್ಲ ಚೆನ್ನಾಗಿ ಕಾಣುತ್ತವೆ. ಕತ್ತಲಾಗುತ್ತ ಬಂದ ಹಾಗೆ ಅದೇ ಗಾಜಿನಲ್ಲಿ ನಿಮ್ಮ ಮುಖ ಮೂಡುತ್ತದೆ. ಸರಿಯಾಗಿ ನೋಡಿ, ಆ ಮುಖ ಇರುವುದು ಗಾಜಿನ ಆಚೆ, ಹೊರಗೆ, ಓಡುವ ಮರಗಳ ನಡುವೆ. ನೀವು ಗಾಜಿನಿಂದ ಎಷ್ಟು ದೂರವೋ ಅದೂ ಅಷ್ಟೇ ದೂರ.

ಗಾಜು ಹಗಲಿನಲ್ಲೂ ಈ ಕೆಲಸ ಮಾಡುತ್ತಲೇ ಇತ್ತು. ಸಾಧಾರಣ ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೇಲ್ಮೈಯೂ ಸುಮಾರು ಶೇಕಡಾ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಮೇಲ್ಮೈ ಸೇರಿ ಶೇಕಡಾ 8. ಗಾಜನ್ನು 45 ಡಿಗ್ರಿ ಓರೆ ಮಾಡಿದರೆ ಹೆಚ್ಚುಕಡಿಮೆ 10. ಹೊರಗಿನ ಬಿಸಿಲಿನ ಎದುರು ಈ ಹತ್ತು ಲೆಕ್ಕಕ್ಕೆ ಬರುವುದಿಲ್ಲ, ಕತ್ತಲೆಯ ಎದುರು ಬರುತ್ತದೆ. ಅಷ್ಟೇ ವ್ಯತ್ಯಾಸ.

ಈ ಗಾಜಿನ ಬೆನ್ನು ಹತ್ತಿದ್ದಕ್ಕೆ ಕಾರಣ ನನ್ನದೇ ಒಂದು ತಪ್ಪು. ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ಮಸೂರಗಳ ಪಾಠ ಮಾಡುತ್ತಿದ್ದೆ. ಪೀನ ಮಸೂರದ ಆ ಕೋಷ್ಟಕ ನಿಮಗೆಲ್ಲ ಬಾಯಿಪಾಠ ಇರುತ್ತದೆ. ‘ವಸ್ತು ಸಂಗಮಬಿಂದುವಿನಲ್ಲಿ, ಪ್ರತಿಬಿಂಬ ಅನಂತ ದೂರದಲ್ಲಿ’ ಎಂಬ ಸಾಲಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಅನಂತ ದೂರದಲ್ಲಿರುವ ಪ್ರತಿಬಿಂಬ ಯಾರಿಗೆ ಬೇಕು? ನೋಡ್ಲಿಕ್ಕೆ ಅಲ್ಲಿಗೇ ಹೋಗ್ಬೇಕಾ?” ಅಂತ ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, “ಪರೀಕ್ಷೆಗೆ ಬರೀಲಿಕ್ಕೆ ಬೇಕು” ಅಂದುಬಿಟ್ಟೆ. ಮುಂದಿನ ಸಾಲಿಗೆ ಹೋದೆ. ಪೀರಿಯಡ್ ಮುಗಿದ ಮೇಲೂ ಆ ಉತ್ತರ ನನ್ನನ್ನೇ ಚುಚ್ಚುತ್ತಿತ್ತು. ಯಾಕೆಂದರೆ ಆ ಒಂದು ಸಾಲನ್ನು ನಂಬಿಕೊಂಡು ಇವತ್ತು ವಿಮಾನಗಳು ಇಳಿಯುತ್ತಿವೆ. ಆಕೆಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತರಗತಿಯಲ್ಲೂ ಯಾರಾದರೂ ಕೇಳಬಹುದು.

ಕಥೆ ಶುರುವಾಗುವುದು ಲಂಡನ್ನಿನ ರಂಗಮಂದಿರದಲ್ಲಿ. ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರ್ 1858ರಲ್ಲಿ ಒಂದು ಉಪಾಯ ಮುಂದಿಟ್ಟ. ವೇದಿಕೆಗೂ ಪ್ರೇಕ್ಷಕರಿಗೂ ನಡುವೆ ದೊಡ್ಡ ಗಾಜು ನಿಲ್ಲಿಸಿ, ಮರೆಯಲ್ಲಿರುವ ನಟನ ಮೇಲೆ ಜೋರು ಬೆಳಕು ಬಿಟ್ಟರೆ ಅವನ ಪ್ರತಿಬಿಂಬ ವೇದಿಕೆಯ ಮೇಲೆ ದೆವ್ವದ ಹಾಗೆ ನಿಲ್ಲುತ್ತದೆ. (ನಮ್ಮ ಕಡೆ ಭೂತ ಅಂದರೆ ಅರ್ಥವೇ ಬೇರೆ, ಅದಕ್ಕೇ ದೆವ್ವ ಅಂತ ಬರೆಯುತ್ತಿದ್ದೇನೆ.) ಉಪಾಯ ಚೆನ್ನಾಗಿತ್ತು, ಆದರೆ ಅವನು ಹೇಳಿದ ಹಾಗೆ ಮಾಡಲು ರಂಗಮಂದಿರವನ್ನೇ ಬದಲಾಯಿಸಿ ಕಟ್ಟಬೇಕಿತ್ತು. ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿದ್ದ ಜಾನ್ ಹೆನ್ರಿ ಪೆಪ್ಪರ್ ಗಾಜನ್ನು ಓರೆ ಮಾಡಿದ. ದೆವ್ವದ ಪಾತ್ರಧಾರಿಯನ್ನು ವೇದಿಕೆಯ ಮುಂದಿನ ಗುಂಡಿಯಲ್ಲಿ ಇಳಿಸಿದ. ಇದ್ದ ಮಂದಿರದಲ್ಲೇ ಆಟ ನಡೆಯುವ ಹಾಗಾಯಿತು. 1862ರ ಡಿಸೆಂಬರ್ 24ರಂದು ಚಾರ್ಲ್ಸ್ ಡಿಕನ್ಸ್‌ನ ಒಂದು ದೆವ್ವದ ಕಥೆಯನ್ನಿಟ್ಟುಕೊಂಡು ಮೊದಲ ಪ್ರದರ್ಶನ ನಡೆಯಿತು. ಪೇಟೆಂಟ್ ಇಬ್ಬರ ಹೆಸರಲ್ಲೂ ಇದ್ದರೂ ಜನ ಕರೆದದ್ದು ‘ಪೆಪ್ಪರನ ದೆವ್ವ’ ಅಂತ. ಡರ್ಕ್ಸ್‌ಗೆ ಆ ನೋವು ಕೊನೆಯವರೆಗೂ ಇತ್ತು.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಬೇರೆ. ವೇದಿಕೆಯ ಮೇಲಿರುವ ನಟನಿಗೆ ದೆವ್ವ ಕಾಣುವುದೇ ಇಲ್ಲ. ಗಾಜು ಬೆಳಕನ್ನು ತಿರುಗಿಸುವುದು ಪ್ರೇಕ್ಷಕರ ಕಡೆಗೆ ಮಾತ್ರ. ಪಾಪ, ಆತ ಅಂದಾಜಿನ ಮೇಲೆ ಬರೀ ಗಾಳಿಗೆ ಕತ್ತಿ ಬೀಸಬೇಕು. ಪ್ರೇಕ್ಷಕರಿಗಾದರೋ ಎಡಕ್ಕೆ ಕೂತವರಿಗೂ ಬಲಕ್ಕೆ ಕೂತವರಿಗೂ ದೆವ್ವ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಮಿಥ್ಯ ಪ್ರತಿಬಿಂಬ ಅಂದ ಕೂಡಲೇ ಮಕ್ಕಳು ‘ಸುಳ್ಳು’ ಅಂದುಕೊಳ್ಳುತ್ತಾರೆ. ಪರದೆಯ ಮೇಲೆ ಹಿಡಿಯಲಿಕ್ಕೆ ಆಗುವುದಿಲ್ಲ, ಅದು ನಿಜ. ಆದರೆ ಅದಕ್ಕೆ ಒಂದು ಖಚಿತವಾದ ಜಾಗ ಇದೆ. ಗಾಜಿನಿಂದ ಇಷ್ಟು ಅಡಿ ಹಿಂದೆ ಅಂತ ಟೇಪು ಹಿಡಿದು ಹೇಳಬಹುದು.

ಮನರಂಜನೆಯವರು ಇದನ್ನು ಇವತ್ತಿಗೂ ಬಿಟ್ಟಿಲ್ಲ. ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ದೆವ್ವದ ಬಂಗಲೆಯಲ್ಲಿ ಕುಣಿಯುವ ದೆವ್ವಗಳು ಪೆಪ್ಪರನವೇ. 2014ರ ಚುನಾವಣೆಯಲ್ಲಿ ಒಬ್ಬರೇ ನಾಯಕರು ಒಂದೇ ಹೊತ್ತಿಗೆ ಹಲವು ಊರುಗಳ ವೇದಿಕೆಯಲ್ಲಿ ಮಾತಾಡಿದ್ದನ್ನು ಪತ್ರಿಕೆಗಳು ‘ಹಾಲೋಗ್ರಾಂ’ ಎಂದು ಬರೆದವು. ಅದು ಹಾಲೋಗ್ರಾಂ ಅಲ್ಲ. ಓರೆಯಾಗಿ ಬಿಗಿದ ತೆಳುವಾದ ಪಾರದರ್ಶಕ ಹಾಳೆ, ಅದಕ್ಕೆ ಪ್ರೊಜೆಕ್ಟರಿನ ಚಿತ್ರ. ಟಿವಿಯಲ್ಲಿ ವಾರ್ತೆ ಓದುವವರು ಕಣ್ಣು ಕದಲಿಸದೆ ಓದುತ್ತಾರಲ್ಲ, ಅವರೂ ಕ್ಯಾಮೆರಾದ ಮುಂದಿನ ಓರೆ ಗಾಜಿನಲ್ಲಿ ಮೂಡಿದ ಅಕ್ಷರ ನೋಡಿಯೇ ಓದುವುದು.

ಹಾಗಾದರೆ ಪೆಪ್ಪರನ ಗಾಜನ್ನೇ ವಿಮಾನ ನಡೆಸುವವನ ಮುಂದೆ ಇಟ್ಟು, ವೇಗ, ಎತ್ತರ ಎಲ್ಲ ಅದರಲ್ಲಿ ತೋರಿಸಿದರೆ ಆಯ್ತಲ್ಲ? ಆಗುವುದಿಲ್ಲ. ಅಡಚಣೆ ಇರುವುದು ಆ ‘ಖಚಿತವಾದ ಜಾಗ’ದಲ್ಲೇ. ಗಾಜಿನಿಂದ ಅರ್ಧ ಮೀಟರ್ ದೂರದ ದೀಪದ ಪ್ರತಿಬಿಂಬ ಗಾಜಿನಾಚೆ ಅರ್ಧ ಮೀಟರಿನಲ್ಲೇ ನಿಲ್ಲುತ್ತದೆ. ರನ್‌ವೇ ಇರುವುದು ಎರಡು ಮೂರು ಕಿಲೋಮೀಟರ್ ಆಚೆ. ಕಣ್ಣಿನ ಮಸೂರ ಎರಡಕ್ಕೂ ಒಟ್ಟಿಗೆ ಹೊಂದಿಕೊಳ್ಳಲಾರದು. ಒಂದು ಸ್ಪಷ್ಟವಾದರೆ ಇನ್ನೊಂದು ಮಸುಕು. ಅದೂ ಅಲ್ಲದೆ, ಪೈಲಟ್ ತಲೆ ಸ್ವಲ್ಪ ಅಲುಗಿಸಿದರೂ ಹತ್ತಿರದ ಗುರುತು ದೂರದ ರನ್‌ವೇಯ ಮೇಲಿಂದ ಜಾರಿಹೋಗುತ್ತದೆ. ಬಿಎಸ್ಸಿ ಪ್ರಯೋಗಾಲಯದಲ್ಲಿ ಎರಡು ಪಿನ್ನು ನಿಲ್ಲಿಸಿಕೊಂಡು ಪ್ಯಾರಲಾಕ್ಸ್ ತೆಗೆಯಲಿಕ್ಕೆ ನಾವೆಲ್ಲ ಬೆವರು ಸುರಿಸಿದ್ದೇವಲ್ಲ, ಅದೇ ಪ್ಯಾರಲಾಕ್ಸ್.

ಪರಿಹಾರ ಕೊಟ್ಟವನು ಡಬ್ಲಿನ್ನಿನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕವೂ ಈ ಗ್ರಬ್ ಕಂಪನಿಯದೇ. ಬಂದೂಕಿಗೆ ಗುರಿ ಹಿಡಿಯುವವನಿಗೆ ಹತ್ತಿರದ ಗುರಿಕಂಡಿ, ನಳಿಗೆಯ ತುದಿಯ ಮೊನೆ, ದೂರದ ಗುರಿ ಮೂರೂ ಒಮ್ಮೆಲೇ ಸ್ಪಷ್ಟವಾಗಿ ಕಾಣುವುದಿಲ್ಲ. ಗ್ರಬ್ 1900ರಲ್ಲಿ ಪೇಟೆಂಟ್ ಪಡೆದ ಸಾಧನದಲ್ಲಿ ಓರೆ ಗಾಜಿತ್ತು, ಜೊತೆಗೆ ಒಂದು ಪೀನ ಮಸೂರವಿತ್ತು. ಗುರುತನ್ನು ಅವನು ಇಟ್ಟದ್ದು ಸರಿಯಾಗಿ ಮಸೂರದ ಸಂಗಮಬಿಂದುವಿನಲ್ಲಿ. ಅಲ್ಲಿಂದ ಹೊರಟ ಬೆಳಕು ಮಸೂರ ದಾಟಿದ ಮೇಲೆ ಸಮಾಂತರವಾಗುತ್ತದೆ, ಗಾಜಿಗೆ ತಾಗಿ ಕಣ್ಣಿಗೆ ಬರುತ್ತದೆ. ಸಮಾಂತರ ಕಿರಣ ಬಂತೆಂದರೆ ಕಣ್ಣು ಅದನ್ನು ಬಹಳ ದೂರದ ವಸ್ತುವಿನ ಬೆಳಕು ಎಂದೇ ತಿಳಿಯುತ್ತದೆ. ಗುರುತು ಗುರಿಯ ಮೇಲೆಯೇ ಹೋಗಿ ಕೂತಿತು. ತಲೆ ಅಲುಗಿಸಿದರೂ ಜಾರುವುದಿಲ್ಲ. ನಮ್ಮ ಕೋಷ್ಟಕದ ಆ ಬಡಪಾಯಿ ಸಾಲು ಇಲ್ಲಿ ಕೆಲಸಕ್ಕೆ ನಿಂತಿತು. ಅನಂತ ದೂರಕ್ಕೆ ಯಾರೂ ಹೋಗಬೇಕಾಗಿಲ್ಲ, ಅಲ್ಲಿಂದ ಬಂದಂಥ ಕಿರಣ ಕಣ್ಣಿಗೆ ಸಿಕ್ಕರೆ ಸಾಕು.

1918ರ ಹೊತ್ತಿಗೆ ಜರ್ಮನಿಯ ಯುದ್ಧವಿಮಾನಗಳಲ್ಲಿ ಇಂಥ ಸಾಧನ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಅದು ಸಾಮಾನ್ಯವಾಗಿಬಿಟ್ಟಿತು. ಆಗ ಬ್ರಿಟನ್ನಿನಲ್ಲಿ ಇನ್ನೊಂದು ಸಮಸ್ಯೆ ಬಂತು. ರಾತ್ರಿ ಹಾರುವ ಪೈಲಟ್‌ಗೆ ರಡಾರ್ ಪರದೆ ಕೊಟ್ಟು ನೋಡಿದರು. ಬೆಳಗುವ ಪರದೆ ನೋಡಿ ತಲೆ ಎತ್ತಿದರೆ ಕತ್ತಲ ಆಕಾಶದಲ್ಲಿ ಏನೂ ಕಾಣದು. 1942ರಲ್ಲಿ ಅವರು ರಡಾರಿನ ಚಿತ್ರವನ್ನೇ ಗುರಿಗುರುತಿನ ಜೊತೆ ಮುಂದಿನ ಗಾಜಿನ ಮೇಲೆ ಬೀಳಿಸಿದರು. ತಲೆ ತಗ್ಗಿಸುವ ಕೆಲಸವೇ ತಪ್ಪಿತು. ಇದರಿಂದ ಬೆಳೆದದ್ದೇ ಹೆಡ್-ಅಪ್ ಡಿಸ್‌ಪ್ಲೇ, ತಲೆ ಎತ್ತಿಕೊಂಡೇ ನೋಡುವ ಪರದೆ. 1958ರಲ್ಲಿ ಮೊದಲ ಸಲ ಹಾರಿದ ಬ್ರಿಟನ್ನಿನ ಬಕನೀರ್ ಇದನ್ನು ಹೊತ್ತು ಸೇವೆಗೆ ಬಂದ ಮೊದಲ ವಿಮಾನಗಳಲ್ಲಿ ಒಂದು. ನಮ್ಮ ತೇಜಸ್ ಬೆಂಗಳೂರಿನ ಕೂಸು ಎಂದು ನಮಗೆಲ್ಲ ಗೊತ್ತು. ಅದರ ಪೈಲಟ್ ಮುಂದಿರುವ ಈ ಗಾಜನ್ನು ರೂಪಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ.

ಪ್ರಯಾಣಿಕ ವಿಮಾನಕ್ಕೆ ಇದು ಯಾಕೆ ಬೇಕು? ಲೆಕ್ಕ ಹಾಕಿ ನೋಡಿ, ಮಕ್ಕಳಿಗೂ ಕೊಡಬಹುದು. ದೊಡ್ಡ ವಿಮಾನ ಇಳಿಯುವಾಗ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿರುತ್ತದೆ ಎಂದು ಹಿಡಿಯೋಣ. ಸೆಕೆಂಡಿಗೆ 70 ಮೀಟರ್ ಆಯ್ತು. ಇಳಿಜಾರು 3 ಡಿಗ್ರಿ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 3.7 ಮೀಟರ್ ಕೆಳಕ್ಕೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕವಿದಿದೆ, 60 ಮೀಟರ್ ಎತ್ತರಕ್ಕೆ ಬಂದಾಗ ರನ್‌ವೇ ಕಂಡಿತು ಅನ್ನಿ. ಚಕ್ರ ನೆಲ ಮುಟ್ಟಲು ಉಳಿದದ್ದು 16 ಸೆಕೆಂಡು. ಆ ಹೊತ್ತಿನಲ್ಲಿ ತಲೆ ತಗ್ಗಿಸಿ ವೇಗ ನೋಡಿ, ಮತ್ತೆ ತಲೆ ಎತ್ತಿ, ಕಣ್ಣು ದೂರಕ್ಕೆ ಹೊಂದಿಕೊಳ್ಳುವಾಗ ಎರಡು ಸೆಕೆಂಡು ಹೋದರೆ ವಿಮಾನ 140 ಮೀಟರ್ ಮುಂದೆ ಹೋಗಿಯಾಯಿತು. ಗಲ್ಫಿನಿಂದ ನಮ್ಮವರೆಷ್ಟೋ ಮಂದಿ ಬಂದಿಳಿಯುವುದು ಅಲ್ಲೇ.

ಈ ಗಾಜಿನಲ್ಲಿ ಅಂಕಿಗಳಿಗಿಂತ ಮುಖ್ಯವಾದ ಒಂದು ಗುರುತಿದೆ. ಎರಡು ಬದಿಗೆ ಪುಟ್ಟ ರೆಕ್ಕೆ ಇರುವ ಸಣ್ಣ ವೃತ್ತ. ವಿಮಾನದ ಮೂತಿ ತೋರುವ ದಿಕ್ಕು ಒಂದು, ಅದು ನಿಜವಾಗಿ ಸಾಗುವ ದಿಕ್ಕು ಇನ್ನೊಂದು. ಅಡ್ಡಗಾಳಿಯಲ್ಲಿ ಹೊಳೆ ದಾಟುವ ದೋಣಿಯನ್ನು ನೆನಪಿಸಿಕೊಳ್ಳಿ. ಆ ವೃತ್ತ ತೋರಿಸುವುದು ಸಾಗುವ ದಿಕ್ಕನ್ನು. ವೃತ್ತವನ್ನು ರನ್‌ವೇಯ ಇಳಿಯುವ ಜಾಗದ ಮೇಲೆ ಕೂರಿಸಿದರೆ ವಿಮಾನ ಅಲ್ಲಿಗೇ ಹೋಗುತ್ತದೆ. ಗುರುತು ಅನಂತ ದೂರದಲ್ಲಿ ಇಲ್ಲದಿದ್ದರೆ ಈ ‘ಮೇಲೆ ಕೂರಿಸುವುದು’ ಎಂಬ ಮಾತಿಗೇ ಅರ್ಥವಿಲ್ಲ. ಬೋಯಿಂಗ್ 787ರಲ್ಲಿ ಇಬ್ಬರು ಪೈಲಟ್‌ಗಳಿಗೂ ಒಂದೊಂದು ಗಾಜು ಇದ್ದೇ ಇರುತ್ತದೆ.

ಈಗ ತರಗತಿಯ ಪ್ರಯೋಗ. ಬೇಕಾದದ್ದು ಪ್ರಯೋಗಾಲಯದ 10 ಸೆಂಟಿಮೀಟರ್ ಸಂಗಮದೂರದ ಪೀನ ಮಸೂರ, ಹಳೆಯ ಓಎಚ್‌ಪಿ ಶೀಟು, ಒಂದು ಮೊಬೈಲ್, ಸ್ವಲ್ಪ ರಟ್ಟು. ಮೊಬೈಲಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹಸಿರು ಕೂಡಿಸುವ ಚಿಹ್ನೆ ಬರೆದು ಮೇಜಿನ ಮೇಲೆ ಅಂಗಾತ ಇಡಿ. (ಅಕ್ಷರ ಬರೆದರೆ ತಲೆಕೆಳಗಾಗಿ ಕಾಣುತ್ತದೆ.) ಅದರ ಮೇಲೆ ಶೀಟನ್ನು ರಟ್ಟಿನ ಚೌಕಟ್ಟಿಗೆ ಬಿಗಿದು, ಮೇಲಂಚು ನಿಮ್ಮ ಕಡೆ ಬಾಗುವ ಹಾಗೆ 45 ಡಿಗ್ರಿ ಓರೆಗೆ ನಿಲ್ಲಿಸಿ. ಶೀಟಿನ ಮೂಲಕ ದೂರ ನೋಡುತ್ತ ತಲೆಯನ್ನು ಆಚೆ ಈಚೆ ಮಾಡಿ. ಚಿಹ್ನೆ ಜಾರುತ್ತದೆ. ಇದು ಪೆಪ್ಪರನ ದೆವ್ವ. ಇನ್ನು ಮೊಬೈಲಿನ ಎರಡು ಬದಿ ಪುಸ್ತಕ ಪೇರಿಸಿ, ತೂತು ಮಾಡಿದ ರಟ್ಟಿನಲ್ಲಿ ಮಸೂರ ಕೂರಿಸಿ, ಪರದೆಯಿಂದ 10 ಸೆಂಟಿಮೀಟರ್ ಮೇಲೆ, ಶೀಟಿನ ಕೆಳಗೆ ಇಡಿ. ತಲೆ ಅಲುಗಿಸುತ್ತ ಪುಸ್ತಕ ಹೆಚ್ಚುಕಡಿಮೆ ಮಾಡಿ. ಒಂದು ಎತ್ತರದಲ್ಲಿ ಚಿಹ್ನೆ ದೂರದ ಕಂಬಕ್ಕೆ ಅಂಟಿಕೊಂಡುಬಿಡುತ್ತದೆ. ಆ ಕ್ಷಣ ಮಕ್ಕಳ ಮುಖ ನೋಡಬೇಕು ನೀವು.

ನಾನು ಮೊದಲ ಸಲ ಮಟಮಟ ಮಧ್ಯಾಹ್ನ ಅಂಗಳದ ತೆಂಗಿನ ಮರದ ಕಡೆ ತಿರುಗಿಸಿ ಮಾಡಲು ಹೋಗಿ ಪೇಚಿಗೆ ಸಿಕ್ಕಿದೆ. ಏನೂ ಕಾಣಲಿಲ್ಲ. ಮೊಬೈಲಿನ ಬೆಳಕಿನ ಹತ್ತನೇ ಒಂದು ಪಾಲು ಬಿಸಿಲಿನ ಎದುರು ನಿಲ್ಲುತ್ತದೆಯೇ? ರೈಲಿನ ಕಿಟಕಿಯ ಪಾಠವನ್ನು ನಾನೇ ಮರೆತಿದ್ದೆ. ಮೋಡದ ದಿನ, ಉದ್ದನೆಯ ವರಾಂಡದಲ್ಲಿ, ತುದಿಯ ಕಂಬ ನೋಡಿಕೊಂಡು ಮಾಡಿ. ವಿಮಾನದಲ್ಲಿ ಬಿಳಿ ಮೋಡದ ಎದುರೂ ಗುರುತು ಕಾಣಬೇಕು. ಅದಕ್ಕೇ ಅಲ್ಲಿ ಬಹಳ ಪ್ರಖರವಾದ ಹಸಿರು ಬೆಳಕನ್ನು ಆರಿಸಿದರು. ಹಗಲಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್ ಆಸುಪಾಸಿನ ಹಸಿರಿಗೆ. ಆ ಹಸಿರನ್ನು ಮಾತ್ರ ಚೆನ್ನಾಗಿ ಪ್ರತಿಫಲಿಸಿ ಉಳಿದ ಬಣ್ಣಗಳನ್ನು ಒಳಗೆ ಬಿಡುವ ಲೇಪನವನ್ನು ಗಾಜಿಗೆ ಕೊಡುತ್ತಾರೆ. ಇನ್ನೊಂದು ಗಮನಿಸುತ್ತೀರಿ: ಚಿಹ್ನೆ ಕಾಣುವುದು ಮಸೂರದ ಅಗಲದಷ್ಟು ಕಿಂಡಿಯೊಳಗೆ ಮಾತ್ರ. ವಿಮಾನದ ಸಾಧನದಲ್ಲಿ ದೊಡ್ಡ ದೊಡ್ಡ ಮಸೂರಗಳಿರುವುದು ಈ ಕಿಂಡಿಯನ್ನು ಅಗಲ ಮಾಡಲಿಕ್ಕೆ.

ಎಲ್ಲ ಸರಿಹೋಯಿತು ಅಂತ ಮಕ್ಕಳಿಗೆ ಹೇಳಬೇಡಿ. ನಾಸಾದ ಏಮ್ಸ್ ಕೇಂದ್ರದವರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಈ ಗಾಜು ನೋಡುತ್ತ ವಿಮಾನ ಇಳಿಸುತ್ತಿದ್ದರು. ರನ್‌ವೇಗೆ ಇನ್ನೊಂದು ವಿಮಾನವನ್ನು ಅಡ್ಡ ತಂದಾಗ ಕೆಲವು ಅನುಭವಿಗಳಿಗೇ ಅದು ಕಾಣಲಿಲ್ಲ. ಕಣ್ಣು ಅನಂತ ದೂರಕ್ಕೇ ಹೊಂದಿಕೊಂಡಿತ್ತು, ಗಮನ ಮಾತ್ರ ಹಸಿರು ಗುರುತಿಗೆ ಕಟ್ಟಿಬಿದ್ದಿತ್ತು. ಮಸೂರ ಕಿರಣಗಳನ್ನು ಸಮಾಂತರ ಮಾಡಬಲ್ಲದು, ಗಮನವನ್ನು ಹಂಚಲಾರದು. ಪೈಲಟ್‌ಗಳಿಗೆ ಈ ಗಾಜಿನ ಬಗ್ಗೆಯೇ ಬೇರೆ ತರಬೇತಿ ಬೇಕಾಗುವುದು ಇದಕ್ಕೇ.

ಆ ಹುಡುಗಿ ಈಗ ಪ್ಲಸ್ ಒನ್‌ನಲ್ಲಿ ಇದ್ದಾಳೆ. ಈ ಪ್ರಯೋಗವನ್ನು ಅವಳಿಗೂ ತೋರಿಸಿದೆ. ಶೀಟು ತೆಗೆದು ದಪ್ಪ ಕಿಟಕಿ ಗಾಜು ಇಟ್ಟು ನೋಡಿದಳು, ಮಸೂರವನ್ನೂ ತೆಗೆದಳು. “ಟೀಚರ್, ಎರಡೆರಡು ಚಿಹ್ನೆ ಕಾಣ್ತದೆ” ಅಂದಳು. ಗಾಜಿನ ಎರಡು ಮೇಲ್ಮೈಗಳಿಂದ ಬಂದ ಎರಡು ಪ್ರತಿಬಿಂಬ ಅವು. ಶೀಟು ತೆಳುವಾದ್ದರಿಂದ ಅಲ್ಲಿ ಒಂದರ ಮೇಲೊಂದು ಕೂತಿದ್ದವು. ಕಾರಿನ ಮುಂಗಾಜಿನಲ್ಲಿ ವೇಗ ತೋರಿಸುವವರಿಗೂ ಇದೇ ತಲೆನೋವು ಬಂದಿತ್ತು. ಗಾಜಿನ ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ದಪ್ಪ, ಕೆಳಗೆ ತೆಳು ಮಾಡಿ ಅವರು ಎರಡನ್ನೂ ಒಂದಾಗಿಸಿದರು ಅಂತ ಹೇಳಿದೆ. ಮಸೂರ ವಾಪಸು ಇಟ್ಟರೆ ಎರಡು ಒಂದಾಗುತ್ತದೆಯೇ, ಯಾಕೆ ಅಂತ ಕೇಳಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.