ನೆಂಟರ ಮನೆಯ ಕೌದಿ

ವರದಾ ನದಿಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿ ಗಳಗನಾಥವೆಂಬ ಗ್ರಾಮವಿದೆ. ಅಲ್ಲಿಯ ಗಳಗೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಅದನ್ನು ನೋಡಿ ಹಿಂದಿರುಗುವ ಪ್ರವಾಸಿಗಳು ಈ ಸೀಮೆಯ ಮನೆಗಳೊಳಗಿನ ಕೌದಿಗಳನ್ನು ಕಾಣುವುದು ವಿರಳ. ನೆಂಟರ ಮನೆಗೆ ಬಂದವರಿಗಾದರೋ ಆ ಭಾಗ್ಯ ತಾನಾಗಿಯೇ ಒದಗುತ್ತದೆ. ರಾತ್ರಿ ಹಾಸಲು, ಹೊದೆಯಲು ಕೊಡುವುದು ಅದನ್ನೇ.

ಸವೆದ ಸೀರೆ, ಧೋತರಗಳನ್ನು ಒಗೆದು, ಪದರಪದರವಾಗಿ ನೆಲದ ಮೇಲೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದರೆ ಕೌದಿಯಾಗುತ್ತದೆ. ಹೊಲಿಗೆ ಒತ್ತಾಗಿರಬೇಕು, ಇಲ್ಲವಾದರೆ ಒಳಗಿನ ಬಟ್ಟೆ ಸರಿದು ಒಂದೆಡೆ ಮುದ್ದೆಯಾಗುವುದು. ಪದರಗಳ ನಡುವೆ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ. ಬಾಣಂತನ ಮುಗಿಸಿ ತವರಿನಿಂದ ಹೊರಡುವ ಮಗಳ ಕೂಸಿಗೆ, ಅಜ್ಜಿಯ ಹಳೆಯ ಸೀರೆಯ ಕೌದಿಗಿಂತ ಮೆತ್ತನೆಯದು ಬೇರೆಲ್ಲಿ ದೊರೆತೀತು?

ಇಂಥ ಭೇಟಿಯೊಡನೆ ಕೌದಿಗಳ ಪ್ರದರ್ಶನವೊಂದನ್ನೂ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸ್ತ್ರೀಯರು ಅಂಚಿನಿಂದ ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೊಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಗೋಡೆಗೆ ತೂಗಿದಾಗ ಬಣ್ಣಗಳ ಹೊಂದಿಕೆ ಸ್ಪಷ್ಟವಾಗಿ ಕಾಣುತ್ತದೆ, ನಿಜ. ಆದರೆ ಇದು ಯಾರ ಸೀರೆ, ಈ ಅಂಗಿಯನ್ನು ತೊಟ್ಟವರಾರು ಎಂಬುದನ್ನು ಪಕ್ಕದ ಚೀಟಿ ಹೇಳಲಾರದು. ಅದನ್ನು ಬಲ್ಲವರು ಮನೆಯ ಹಿರಿಯರು ಮಾತ್ರ. ಯಂತ್ರದಲ್ಲಿ ನೇಯ್ದ ಅಗ್ಗದ ಹೊದಿಕೆಗಳು ಬಂದ ಮೇಲೆ ಹೊಲಿಯುವ ಕೈಗಳೂ ಕಡಿಮೆಯಾಗಿವೆ. ಆದುದರಿಂದ ಮೊದಲು ಪ್ರದರ್ಶನವನ್ನು ನೋಡಿ, ಅನಂತರ ನೆಂಟರ ಮನೆಗೆ ಹೋಗುವುದು ಲೇಸು. ಅಜ್ಜಿಯನ್ನು ಕೇಳಬೇಕಾದ ಪ್ರಶ್ನೆಗಳು ಆಗ ಹೆಚ್ಚಾಗಿರುತ್ತವೆ.