ಮೈಸೂರಿನ ಗಾಡಿ, ಮದರಾಸಿನ ಗಾಡಿ

ಕಲ್ಯಾಣ, ಡೊಂಬಿವಲಿ, ಠಾಣೆಗಳಲ್ಲಿ ಮನೆ ಮಾಡಿಕೊಂಡ ನಮ್ಮವರ ಆಯುಷ್ಯದ ದೊಡ್ಡದೊಂದು ಪಾಲು ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಕಳೆಯುತ್ತದೆ. ಹೀಗಿರುವಾಗ ಕಂತಿನ ಮೇಲೆ ಮೋಟಾರು ಸೈಕಲ್ಲೊಂದನ್ನು ಕೊಂಡ ಗುಮಾಸ್ತನಾಗಲಿ, ಹೊಟೇಲಿನ ಗಲ್ಲಾದಲ್ಲಿ ಕುಳಿತು ಕಾಸಿಗೆ ಕಾಸು ಕೂಡಿಸಿ ಹಳೆಯದೊಂದನ್ನು ಸಂಪಾದಿಸಿದವನಾಗಲಿ ಅದನ್ನು ಮನೆಯ ಮಗುವಿನಂತೆ ನೋಡಿಕೊಂಡರೆ ಆಶ್ಚರ್ಯವಿಲ್ಲ. ಆಶ್ಚರ್ಯವೆನಿಸುವುದು, ಅದನ್ನು ತಯಾರಿಸಿದ ಕಾರಖಾನೆಯ ಪರವಾಗಿ ಆತನು ಮಾಡುವ ವಕೀಲಿ. ಈ ವಕೀಲಿಗೆ ಫೀಜಿಲ್ಲ. ಕಕ್ಷಿದಾರನಿಗೆ ವಕೀಲನ ಪರಿಚಯವೂ ಇಲ್ಲ.

ಹಳಬರಲ್ಲಿ ಮುಖ್ಯವಾದ ಪಕ್ಷಗಳು ಎರಡು: ಬುಲೆಟ್ಟಿನವರು ಮತ್ತು ಯೆಜ್ದಿಯವರು. ರಾಜದೂತದ ಭಕ್ತರೂ ಆರ್‌ಎಕ್ಸ್ 100ರ ಭಕ್ತರೂ ಉಂಟು. ಅವರನ್ನು ಇಲ್ಲಿಗೆ ಕರೆದರೆ ಅಂಕಣ ಸಾಲದು.

ಬುಲೆಟ್ಟಿನವನ ಹೆಮ್ಮೆಯೆಲ್ಲ ಅದರ ತೂಕದಲ್ಲಿ, ಸದ್ದಿನಲ್ಲಿ. 350 ಸಿ.ಸಿ.ಯ ಒಂಟಿ ಸಿಲಿಂಡರು ಗುಡುಗುಟ್ಟುತ್ತ ಬಂದರೆ ಕಟ್ಟಡದ ನಾಲ್ಕನೆಯ ಮಾಳಿಗೆಗೂ ಯಜಮಾನರು ಬಂದರೆಂಬ ವರ್ತಮಾನ ತಲಪುವುದು. ಹಳೆಯ ಬುಲೆಟ್ಟಿನಲ್ಲಿ ಗಿಯರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಎಂಜಿನನ್ನು ಎಬ್ಬಿಸುವ ಮುನ್ನ ಆಂಪಿಯರ್ ಮುಳ್ಳನ್ನು ನೋಡಬೇಕು, ಕೈಯ ಹತ್ತಿರದ ಸಣ್ಣ ಸಲಾಕೆಯನ್ನು ಒತ್ತಿ ಸಿಲಿಂಡರಿನ ಒತ್ತಡವನ್ನು ಇಳಿಸಬೇಕು, ಆಮೇಲೆ ಒದೆಯಬೇಕು. ಲೆಕ್ಕ ತಪ್ಪಿದರೆ ಅದೇ ತಿರುಗಿ ಒದೆಯುವುದು. “ನೀವು ಗಾಡಿ ಶುರು ಮಾಡುತ್ತೀರೋ, ಪೂಜೆ ಮಾಡುತ್ತೀರೋ ಮಾರಾಯರೆ?” ಎಂದು ಯೆಜ್ದಿಯವನು ಕೇಳುವನು. ಅವನದಾದರೋ 250 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನು, ಇಕ್ಕೆಲಗಳಲ್ಲಿ ಎರಡು ಸೈಲೆನ್ಸರು. ಗಿಯರಿನ ಸಲಾಕೆಯನ್ನೇ ತಿರುಗಿಸಿ ಎತ್ತಿದರೆ ಅದೇ ಕಿಕ್ಕಾಗುವ ಜಾಣತನ ಬೇರೆ. ಆದರೆ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಹೊಗೆ ವಿಪರೀತ. “ನಿಮ್ಮದನ್ನು ಮಹಾನಗರಪಾಲಿಕೆಗೆ ಕೊಟ್ಟುಬಿಡಿ ಸ್ವಾಮಿ, ಸೊಳ್ಳೆ ಓಡಿಸಲಿಕ್ಕಾದೀತು” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಕನ್ನಡಿಗ ಯೆಜ್ದಿಯವನ ಕೈಯಲ್ಲಿ ಇನ್ನೊಂದು ಅಸ್ತ್ರವುಂಟು: “ಇದು ನಮ್ಮ ಮೈಸೂರಿನದು.” ಆ ಮಾತು ನಿಜ. 1950ರ ದಶಕದಲ್ಲಿ ವಿದೇಶಿ ಗಾಡಿಗಳ ಆಮದಿಗೆ ಸರಕಾರವು ತಡೆ ಹಾಕಿದ ಮೇಲೆ, ಜೆಕ್ ದೇಶದ ಜಾವಾವನ್ನು ಇಲ್ಲಿಯೇ ತಯಾರಿಸುವ ಐಡಿಯಲ್ ಜಾವಾ ಕಾರಖಾನೆಯು ಮೈಸೂರಿನ ಯಾದವಗಿರಿಯಲ್ಲಿ ಎದ್ದಿತು. ಜಯಚಾಮರಾಜ ಒಡೆಯರ ಬೆಂಬಲ ಅದಕ್ಕಿತ್ತು. 1961ರಿಂದ ಗಾಡಿಗಳು ಹೊರಬಂದವು. 1973ರಲ್ಲಿ ಯೆಜ್ದಿ ಎಂಬ ಹೆಸರು ಬಂತು. ಬುಲೆಟ್ಟು 1955ರಿಂದ ಮದರಾಸಿನದು. ತಿರುವೊತ್ತಿಯೂರಿನ ಕಾರಖಾನೆಯಲ್ಲಿ ಬೆಳೆದದ್ದು. ಇಂಗ್ಲೆಂಡಿನ ತಾಯಿ ಕಂಪನಿಯು 1970ರಲ್ಲಿ ಕಣ್ಣು ಮುಚ್ಚಿದರೂ ಮಗಳು ಮದರಾಸಿನಲ್ಲಿ ಬದುಕಿಕೊಂಡಳು.

ಆದರೆ ಮೈಸೂರಿನ ಕಾರಖಾನೆಯನ್ನು ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಎಂಬ ಪಾರಸಿಗಳು. ಗಾಡಿಯ ಹೆಸರು ಇರಾನಿನ ಯಜ್ದ್ ಪಟ್ಟಣದಿಂದ ಬಂತೆನ್ನುವವರೂ ಉಂಟು, ಸವಾರಿಯೆಂಬರ್ಥದ ಜೆಕ್ ಮಾತಿನಿಂದ ಬಂತೆನ್ನುವವರೂ ಉಂಟು. ಮುಂಬಯಿಯಲ್ಲಿ ಇರಾನಿಗಳ ಬ್ರುನ್-ಮಸ್ಕಾದೊಡನೆ ತಲೆಮಾರುಗಳ ಕಾಲ ಪೈಪೋಟಿ ನಡೆಸಿದ ನಮ್ಮ ಉಡುಪಿ ಹೊಟೇಲಿನವರೇ ಇರಾನಿಗಳ ಗಾಡಿಯನ್ನು ‘ನಮ್ಮದು’ ಎಂದು ಮೆರೆಸಿದ್ದು ಸ್ವಾರಸ್ಯವಲ್ಲವೆ! ನನಗೇನೋ ಇದರಲ್ಲಿ ತಪ್ಪು ಕಾಣುವುದಿಲ್ಲ. ಕಬ್ಬಿಣವನ್ನು ಕಾಯಿಸಿ, ತಿಕ್ಕಿ, ಜೋಡಿಸಿದ ಕೈಗಳು ಮೈಸೂರಿನವೇ.

ಆ ಕೈಗಳು 1996ರಲ್ಲಿ ಬರಿದಾದವು, ಕಾರಖಾನೆ ಮುಚ್ಚಿತು. 1985ರ ಸುಮಾರಿಗೆ ಬಂದ ಜಪಾನೀ ನಮೂನೆಯ 100 ಸಿ.ಸಿ. ಗಾಡಿಗಳು ಲೀಟರಿಗೆ ಓಡುವ ದೂರವೇ ಬೇರೆಯಾಗಿತ್ತು. ಸಂಬಳವನ್ನೆಣಿಸುವ ಗೃಹಸ್ಥನು ಅತ್ತ ತಿರುಗಿದ್ದನ್ನು ನಾವು ದೂರಲಾರೆವು. ದೊಡ್ಡ ವಿಷಯವೆಂದರೆ ತಿರುಗದೆ ಉಳಿದವರದು. ತಯಾರಿಸುವವರಿಲ್ಲದ ಗಾಡಿಗೆ ಬಿಡಿಭಾಗ ಹುಡುಕುವುದು, ಅದರ ಮರ್ಮ ಬಲ್ಲ ಮೇಸ್ತ್ರಿಯನ್ನು ಒಲಿಸಿಕೊಳ್ಳುವುದು, ಹದಿನೈದು ವರ್ಷ ತುಂಬಿದ ಮೇಲೆ ಆರ್.ಟಿ.ಒ. ಕಚೇರಿಯಲ್ಲಿ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿ ಪರಿಸರ ತೆರಿಗೆ ಕಟ್ಟುವುದು, ಇವೆಲ್ಲ ಬರಿಯ ಬಾಯಿಮಾತಿನ ಅಭಿಮಾನಕ್ಕೆ ಆಗುವ ಕೆಲಸಗಳಲ್ಲ. “ಆ ಹಣಕ್ಕೆ ಹೊಸದೇ ಬರುತ್ತಿತ್ತಲ್ಲ” ಎಂದು ಹೆಂಡತಿ ಹೇಳುವ ಮಾತಿಗೆ ಎದುರು ಮಾತು ಇನ್ನೂ ಹುಟ್ಟಿಲ್ಲ.

ಪೈಪೋಟಿಯ ನಿಜವಾದ ರೂಪ ಗೊತ್ತಾಗುವುದು ಮಳೆಗಾಲದಲ್ಲಿ. ಜುಲೈ ತಿಂಗಳ ಎರಡನೆಯ ಆದಿತ್ಯವಾರವನ್ನು ಜಾವಾ-ಯೆಜ್ದಿಯವರು ತಮ್ಮ ಹಬ್ಬವಾಗಿ ಆಚರಿಸುವರು. ಕಲ್ಯಾಣದಿಂದ ಮುರಬಾಡದ ದಾರಿಯಾಗಿ ಮಾಳಶೇಜ ಘಾಟಿಗೆ ಹೊರಡುವವರಿಗಂತೂ ಆ ತಿಂಗಳು ಜಲಪಾತಗಳ ಸುಗ್ಗಿ. ಘಾಟಿಯ ಮಂಜಿನಲ್ಲಿ ನೀರು ಹೊಕ್ಕು ಯೆಜ್ದಿ ನಿಂತಿತೆನ್ನಿ. ಹಿಂದಿನಿಂದ ಬಂದ ಬುಲೆಟ್ಟಿನವನು ಮೊದಲು ನಗುವನು. ಅನಂತರ ಇಳಿದು, ಪ್ಲಗ್ಗು ಬಿಚ್ಚಿ, ತನ್ನ ಒಣ ಕರವಸ್ತ್ರದಿಂದ ಒರೆಸಿ ಕೊಡುವನು. ಮುಂದಿನ ಚಹಾದಂಗಡಿಯಲ್ಲಿ ಆ ಉಪಕಾರವನ್ನು ನಾಲ್ಕು ಜನರ ಮುಂದೆ ಬಣ್ಣಿಸುವ ಹಕ್ಕು ಅವನದು; ಚಹಾದ ಹಣ ಕೊಡುವ ಹೊಣೆ ಯೆಜ್ದಿಯವನದು.

ಈಗ ಯೆಜ್ದಿಯವರೊಳಗೇ ಹೊಸ ಜಗಳವೊಂದು ಹುಟ್ಟಿದೆ. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರು, ಠಾಣೆಯ ಮಾಜಿವಾಡೆಯಲ್ಲಿ ತಂದೆಯ ಹೆಸರಿನ ಗಗನಚುಂಬಿಗಳನ್ನು ಎಬ್ಬಿಸಿದವರು, ಮಹೀಂದ್ರದವರೊಡನೆ ಸೇರಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ದಿಯನ್ನೂ ಮರಳಿ ತಂದರು. ಹೊಸದಕ್ಕೆ ನಾಲ್ಕು ಸ್ಟ್ರೋಕಿನ ಎಂಜಿನು. ಹೊಗೆಯಿಲ್ಲ, ಆ ಹಳೆಯ ಎಣ್ಣೆಯ ವಾಸನೆಯಿಲ್ಲ. ತಯಾರಾಗುವುದು ಮಧ್ಯಪ್ರದೇಶದ ಪೀತಮಪುರದಲ್ಲಿ. ಹೆಸರು ಇದ್ದರೆ ಸಾಕೆನ್ನುವ ಮಗನು ಹೊಸದನ್ನು ಕೊಂಡು ಪನವೇಲದಿಂದ 66ನೆಯ ಹೆದ್ದಾರಿ ಹಿಡಿದು ಉಡುಪಿಯ ತನಕ ಹೋಗಿಬರುವೆನೆಂದು ಹೊರಟಿದ್ದಾನೆ. ತಂದೆಯು ಅದನ್ನು ಎರಡು ಸಲ ಸುತ್ತು ಹಾಕಿ ನೋಡಿ, “ಚೆನ್ನಾಗಿದೆ, ಆದರೆ ಮೈಸೂರಿನದಲ್ಲ” ಎನ್ನುತ್ತಾನೆ. ಬುಲೆಟ್ಟಿನ ನೆರೆಯವನು ಈ ಮನೆಜಗಳದಲ್ಲಿ ಸದ್ಯ ಯಾರ ಪಕ್ಷವನ್ನೂ ವಹಿಸಿಲ್ಲ.